ಅಕ್ಕನ ಮಗನ ಕೋರ್ಟ್ ಮಾರ್ಷಲ್: ವಕೀಲರು ಪತ್ರಿಕೆಗೆ ಹೋಗೋಣ ಅಂತಿದ್ದಾರೆ, ಒಪ್ಪಬೇಕಾ?

ಎಡಿಸನ್ ಚಿಕ್ಕಮ್ಮ:

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ. ಹುಡುಗನ ಹೆಸರು, ಅವನಿರುವ ನೆಲೆ, ವಕೀಲರ ಹೆಸರು ಯಾವುದನ್ನೂ ಹಾಕುವುದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ.

ನನ್ನ ಅಕ್ಕನ ಮಗ. ಭಾವನಿಗೆ ಕಂಪನಿ ಮೂಲಕ ಗ್ರೀನ್ ಕಾರ್ಡ್ ಆದಾಗ ಇವನಿಗೂ ಆಯಿತು. ಆಮೇಲೆ ಅಕ್ಕ ಭಾವ ಹಾಸನಕ್ಕೆ ವಾಪಸ್ ಹೋದರು, ಇವನು ಓದಲಿಕ್ಕೆ ಇಲ್ಲಿ ಅಮೆರಿಕದಲ್ಲಿ ನಮ್ಮನೆಯಲ್ಲೇ ಉಳಿದ. ಕಾಲೇಜು ಅರ್ಧಕ್ಕೆ ಬಿಟ್ಟು ಅಮೆರಿಕದ ಸೇನೆ ಸೇರಿದ. ಬೇಜಾರಾಗಿತ್ತು, ಆದರೆ ಮೊದಲ ಸಲ ಯೂನಿಫಾರ್ಮ್ ಹಾಕಿಕೊಂಡು ಮನೆಗೆ ಬಂದ ದಿನ ನಾನೇ ದೃಷ್ಟಿ ತೆಗೆದಿದ್ದೆ.

ಭದ್ರತಾ ತಪಾಸಣೆಯ ಅರ್ಜಿಯಲ್ಲಿ 'ವಿದೇಶದಲ್ಲಿ ನಿಮ್ಮ ಹೆಸರಲ್ಲಿ ಹಣ, ಆಸ್ತಿ ಇದೆಯೇ' ಅಂತ ಕೇಳುತ್ತಾರೆ. ಇವನು ಇಲ್ಲ ಅಂತ ಬರೆದ. ಇವನಿಗೆ ಹತ್ತು ವರ್ಷವಿದ್ದಾಗ ಅವನ ಅಜ್ಜ, ಅಂದರೆ ನಮ್ಮ ಅಪ್ಪ, ಊರಿನ ಸಹಕಾರ ಸಂಘದಲ್ಲಿ ಇವನ ಹೆಸರು ಸೇರಿಸಿ ಒಂದು ಠೇವಣಿ ಇಟ್ಟಿದ್ದರು. ನನಗೇ ಗೊತ್ತಿರಲಿಲ್ಲ. ಅಪ್ಪ ಹೋದ ಮೇಲೆ ಆ ದುಡ್ಡು, ಎರಡು ಲಕ್ಷದ ಹತ್ತಿರ, ಇವನ ಖಾತೆಗೆ ಬಂತು. ಅಲ್ಲಿಂದ ವಿಚಾರಣೆ ಶುರು. ಈಗ ಸುಳ್ಳು ಹೇಳಿಕೆ ಕೊಟ್ಟ ಆರೋಪ, ಕೋರ್ಟ್ ಮಾರ್ಷಲ್, ಅಂದರೆ ಸೇನೆಯದೇ ನ್ಯಾಯಾಲಯದಲ್ಲಿ ವಿಚಾರಣೆ. ಪೌರತ್ವದ ಅರ್ಜಿಯೂ ಅಲ್ಲಿಗೇ ನಿಂತಿದೆ.

ಸೇನೆ ಕೊಟ್ಟ ವಕೀಲರ ಜೊತೆಗೆ ಹೊರಗಿನ ಒಬ್ಬರನ್ನು ನಾವೇ ಇಟ್ಟುಕೊಂಡಿದ್ದೇವೆ. ಅವರು ಹೋದ ವಾರ ಫೋನ್ ಮಾಡಿ, ಪತ್ರಿಕೆಯವರ ಹತ್ತಿರ ಮಾತಾಡೋಣ, ಹುಡುಗನ ಫೋಟೋ, ಅಜ್ಜನ ಫೋಟೋ ಕಳಿಸಿ ಅಂದರು. ಭಾವ ಕೇಳಿದ ಕೂಡಲೇ ಬೇಡವೇ ಬೇಡ ಅಂದರು. ಪೇಪರಿಗೆ ಬಂದರೆ ಮನೆ ಮಾನ ಬೀದಿಗೆ ಬಂದ ಹಾಗೆ ಅಂತ. ಅಕ್ಕ ಏನೂ ಹೇಳುತ್ತಿಲ್ಲ. ನನಗೆ ತೋಚುತ್ತಿಲ್ಲ.

ಸುದ್ದಿಮನೆ ಹಳಬ:

ಮೊದಲು ಒಂದು ಕೇಳುತ್ತೇನೆ. ಈಗಾಗಲೇ ಎಲ್ಲಾದರೂ ಸುದ್ದಿ ಬಂದಿದೆಯಾ?

ಎಡಿಸನ್ ಚಿಕ್ಕಮ್ಮ:

ಬಂದಿದೆ ಸರ್. ನೆಲೆಯ ಪಕ್ಕದ ಊರಿನ ಪತ್ರಿಕೆಯಲ್ಲಿ ಎಂಟು ಸಾಲು. 'ವಿದೇಶಿ ಮೂಲದ ಸೈನಿಕ, ಬಚ್ಚಿಟ್ಟ ವಿದೇಶಿ ಖಾತೆ' ಅನ್ನುವ ಅರ್ಥದ ತಲೆಬರಹ. ಹೆಸರೂ ಹಾಕಿದ್ದಾರೆ. ಕೆಳಗೆ ಜನ ಬರೆದದ್ದನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸುದ್ದಿಮನೆ ಹಳಬ:

ಹಾಗಾದರೆ ಪೇಪರಿಗೆ ಹೋಗಬೇಕಾ ಅನ್ನುವ ಪ್ರಶ್ನೆ ಮುಗಿದುಹೋಗಿದೆ. ಹುಡುಗ ಪೇಪರಿನಲ್ಲಿ ಇದ್ದಾನೆ, ಅವನ ಕಡೆಯ ಮಾತು ಮಾತ್ರ ಇಲ್ಲ. ನಾನು ಇಪ್ಪತ್ತೆರಡು ವರ್ಷ ಡೆಸ್ಕಿನಲ್ಲಿದ್ದವನು. ಎಂಟು ಸಾಲಿನ ಸುದ್ದಿ ಬರುವುದು ಇಲಾಖೆಯ ಪ್ರಕಟಣೆಯಿಂದ. ರಾತ್ರಿ ಪುಟ ಕಟ್ಟುವವನಿಗೆ ಆರೋಪಿಯ ವಕೀಲರಿಗೆ ಫೋನ್ ಮಾಡುವಷ್ಟು ಪುರುಸೊತ್ತು ಇರುವುದಿಲ್ಲ. ವಕೀಲರೇ ಮುಂದೆ ಬಂದು ಹೇಳದಿದ್ದರೆ ಆ ಎಂಟು ಸಾಲೇ ಕಡೆಯವರೆಗೂ ಉಳಿಯುತ್ತದೆ.

ಮಾಜಿ ಸುಬೇದಾರ್, ಸೋಮವಾರಪೇಟೆ:

ತಂಗಿ, ನಾನು ಒಪ್ಪುವುದಿಲ್ಲ. ಫೌಜಿನ ವಿಷಯ ಫೌಜಿನ ಒಳಗೇ ಬಗೆಹರಿಯಬೇಕು. ನಮ್ಮಲ್ಲಿ ಸೈನಿಕ ಅನುಮತಿ ಇಲ್ಲದೆ ಪತ್ರಿಕೆಗೆ ಮಾತಾಡುವ ಹಾಗಿಲ್ಲ. 1965ರ ಯುದ್ಧದಲ್ಲಿ, ನಮ್ಮ ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರ ಮಗನ ವಿಮಾನ ಪಾಕಿಸ್ತಾನದಲ್ಲಿ ಬಿದ್ದು, ಮಗ ಸೆರೆಯಾದರು. ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಇದ್ದವನು, ನಿಮ್ಮ ಮಗನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂತ ಹೇಳಿಕಳಿಸಿದ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ಥರ ನೋಡಿ ಅಂದರು ಇವರು. ಕೊಡಗಿನಲ್ಲಿ ಮಕ್ಕಳಿಗೆ ಈ ಕಥೆ ಹೇಳಿಯೇ ಬೆಳೆಸುತ್ತೇವೆ. ನಿಮ್ಮ ಹುಡುಗನಿಗಿಂತ ಮೇಲಿನ ದರ್ಜೆಯವರೇ ತೀರ್ಪು ಕೊಡುವ ಸಭೆಯಲ್ಲಿ ಕೂರುತ್ತಾರೆ. ಅವರನ್ನು ಊರೆಲ್ಲ ಕೂಗಿ ಎದುರು ಹಾಕಿಕೊಂಡರೆ ಏನು ಲಾಭ?

ಸ್ಯಾಕ್ರಮೆಂಟೊ ಕನ್ನಡತಿ:

ಸುಬೇದಾರ್ ಅವರೇ, ನಿಮ್ಮ ಮಾತಿಗೆ ಗೌರವವಿದೆ. ಆದರೆ ಕಾರ್ಯಪ್ಪನವರು ಬೇಡ ಅಂದದ್ದು ಹೆಚ್ಚಿನ ಉಪಚಾರವನ್ನು. ಈ ಹುಡುಗನಿಗೆ ಬೇಕಿರುವುದು ತನ್ನ ಮಾತನ್ನೂ ಕೇಳಿಸಿಕೊಳ್ಳಲಿ ಅನ್ನುವುದು.

ಚಿಕ್ಕಮ್ಮನವರೇ, ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದಲ್ಲಿ ಟ್ರಾವಿಸ್ ವಾಯುನೆಲೆ ಇದೆ. 2003–04ರಲ್ಲಿ ಇಲ್ಲಿ ಆದದ್ದನ್ನು ಹೇಳಲೇಬೇಕು. ಅಹ್ಮದ್ ಅಲ್-ಹಲಬಿ ಸಿರಿಯಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದು ವಾಯುಸೇನೆ ಸೇರಿದವನು. ಇಲ್ಲಿ ಉಗ್ರಾಣದ ಗುಮಾಸ್ತ. ಅರಬ್ಬಿ ಬರುತ್ತದೆ ಅಂತ ಭಯೋತ್ಪಾದನೆಯ ಶಂಕಿತರನ್ನು ಇಟ್ಟಿದ್ದ ಗ್ವಾಂಟನಾಮೊ ಸೆರೆಮನೆಗೆ ಅನುವಾದಕನಾಗಿ ಕಳಿಸಿದರು. ಅಲ್ಲಿಂದ ಮದುವೆಗೆಂದು ಸಿರಿಯಾಕ್ಕೆ ಹೊರಟವನನ್ನು 2003ರ ಜುಲೈನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಹಿಡಿದರು. ಬೇಹುಗಾರಿಕೆ, ಶತ್ರುವಿಗೆ ನೆರವು, ಹೀಗೆ 30ಕ್ಕೂ ಹೆಚ್ಚು ಆರೋಪ. ಮರಣದಂಡನೆ ಕೊಡಬಹುದಾದಂಥವೂ ಅದರಲ್ಲಿದ್ದವು. ಕೈದಿಗಳಿಗೆ ಅಪ್ಪಣೆಯಿಲ್ಲದೆ ಬಕ್ಲಾವಾ ಅನ್ನುವ ಸಿಹಿತಿಂಡಿ ಕೊಟ್ಟ ಅನ್ನುವುದೂ ಒಂದು ಆರೋಪ!

ಸೆಪ್ಟೆಂಬರಿನಲ್ಲಿ ಸುದ್ದಿ ಹೊರಗೆ ಬಿದ್ದಾಗ ದೇಶಕ್ಕೆ ದೇಶವೇ ಅವನನ್ನು ಗೂಢಚಾರ ಅಂದಿತು. ಅವನ ಪರ ಹೊರಗಿನ ವಕೀಲ ಡೊನಾಲ್ಡ್ ರೆಹ್‌ಕಾಫ್, ಸೇನೆಯ ವಕೀಲರೂ ಇದ್ದರು. ಇವರು ಒಳಗೆ ಅರ್ಜಿ ಹಾಕುತ್ತಲೇ ಇದ್ದರು, ಹೊರಗೆ ವರದಿಗಾರರಿಗೆ ಉತ್ತರ ಕೊಡುತ್ತಲೇ ಇದ್ದರು. ಸರ್ಕಾರ ಮಾಡಿಸಿದ ಅರಬ್ಬಿ ಅನುವಾದದಲ್ಲಿ ತಪ್ಪುಗಳಿವೆ ಅಂತ ತೋರಿಸಿದರು. ಒಂದೊಂದೇ ಆರೋಪ ಉದುರಿತು. 2004ರ ಸೆಪ್ಟೆಂಬರಿನಲ್ಲಿ ಉಳಿದದ್ದು ನಾಲ್ಕು ಸಣ್ಣ ತಪ್ಪು: ಸೆರೆಮನೆಯ ಫೋಟೋ ತೆಗೆದದ್ದು, ಅದರ ಬಗ್ಗೆ ಸುಳ್ಳು ಹೇಳಿದ್ದು, ಒಂದು ಗುಪ್ತ ಕಾಗದವನ್ನು ಕೋಣೆಗೆ ಒಯ್ದದ್ದು, ಇಂಥವು. ಅವನ್ನು ಅವನೇ ಒಪ್ಪಿಕೊಂಡ. ಒಳಗಿದ್ದ ಸುಮಾರು ಹತ್ತು ತಿಂಗಳೇ ಶಿಕ್ಷೆ ಅಂತ ಲೆಕ್ಕ ಹಾಕಿದರು. ದರ್ಜೆ ಕಳೆದು, ಕೆಟ್ಟ ನಡತೆಯ ಷರಾ ಬರೆದು ಸೇನೆಯಿಂದ ಕಳಿಸಿದರು.

ಪೂರ್ತಿ ಗೆದ್ದ ಅಂತ ನಾನು ಹೇಳುತ್ತಿಲ್ಲ. ಗಲ್ಲಿನ ಮಾತಿನಿಂದ ನಾಲ್ಕು ಸಣ್ಣ ತಪ್ಪಿಗೆ ಇಳಿದದ್ದನ್ನು ಹತ್ತಿರದಿಂದ ನೋಡಿದವಳು ನಾನು, ಆಗ ವಕೀಲರು ಬಾಯಿ ಮುಚ್ಚಿಕೊಂಡಿರಲಿಲ್ಲ ಅನ್ನುವುದಷ್ಟೇ ನನ್ನ ಮಾತು.

ಧಾರವಾಡದ ವಕೀಲ:

ಅಕ್ಕಾರ, ನಾನೂ ಒಂದ್ ಮಾತ್ ಹೇಳ್ತೀನಿ. ನಮ್ಮ ದೇಶದಾಗ ನಿಮ್ಮ ಭಾವನವರ ಮನಸ್ಸೇ ಕಾನೂನು. ಬಾರ್ ಕೌನ್ಸಿಲ್ ನಿಯಮ 36 ನೋಡ್ರಿ, ವಕೀಲ ತಾನು ನಡಸೋ ಕೇಸಿನ ಬಗ್ಗೆ ಪತ್ರಿಕೆಗೆ ಬರಸೂದು, ತನ್ನ ಫೋಟೋ ಹಾಕಸೂದು ಮಾಡಬಾರದು. ಅದು ಗಿರಾಕಿ ಹಿಡಿಯೋ ಕೆಲಸ ಅಂತ ಲೆಕ್ಕ. ನಾವು ಕಲಿತದ್ದೇ ಹಂಗ, ಅದಕ್ಕ ವಕೀಲ ಪೇಪರಿನಾಗ ಕಂಡ್ರ ನಮಗ ಒಗ್ಗೂದಿಲ್ಲ.

ಅಮೆರಿಕದಾಗ ಲೆಕ್ಕ ಬ್ಯಾರೆ. 1988ರಾಗ ಲಾಸ್ ವೇಗಸ್ಸಿನ ವಕೀಲ ಡೊಮಿನಿಕ್ ಜೆಂಟೈಲ್, ತನ್ನ ಕಕ್ಷಿದಾರನ ಮ್ಯಾಲೆ ದೋಷಾರೋಪ ಆದ ದಿನಾನ ಪತ್ರಿಕಾಗೋಷ್ಠಿ ಮಾಡಿದ. ಇಂವ ನಿರಪರಾಧಿ, ಪೊಲೀಸರ ಕಡೆ ನೋಡ್ರಿ ಅಂದ. ಆರು ತಿಂಗಳ ಮ್ಯಾಲೆ ಆ ಕಕ್ಷಿದಾರ ಖುಲಾಸೆ ಆದ. ವಕೀಲರ ಸಂಘ ಮಾತ್ರ ಇವನಿಗೇ ಛೀಮಾರಿ ಹಾಕಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ 1991ರಾಗ ಐದಕ್ಕ ನಾಕು ಮತದಿಂದ ರದ್ದಾತು. ವಕೀಲನ ಕರ್ತವ್ಯ ಕೋರ್ಟಿನ ಬಾಗಲಾ ದಾಟಿದ ಮ್ಯಾಲೇ ಶುರು ಆಗ್ತದ ಅಂತಲ್ಲ ಅಂತ ನ್ಯಾಯಮೂರ್ತಿ ಕೆನಡಿ ಬರೆದ್ರು. ಆದರ ಅದೇ ತೀರ್ಪಿನಾಗ ಒಂದು ಕಡಿವಾಣನೂ ಐತಿ: ವಿಚಾರಣೆ ಕೆಡೋ ಸಂಭವ ಗಟ್ಟಿಯಾಗಿದ್ರ ವಕೀಲ ಮಾತಾಡಬಾರದು. ಎದುರಿನವರು ಮೊದಲು ಸುದ್ದಿ ಮಾಡಿ ಕಕ್ಷಿದಾರನ ಹೆಸರು ಕೆಡಿಸಿದ್ರ, ಅದನ್ನ ಸರಿಪಡಿಸೋವಷ್ಟು ಉತ್ತರ ಕೊಡಬಹುದು ಅಂತ ಅವರ ವಕೀಲರ ಮಾದರಿ ನಿಯಮದಾಗ ಬರದದ. ನಿಮ್ಮದು ಅಲ್ಲೇ ಕೂಡತದ. ಆ ಎಂಟು ಸಾಲಿನ ಪೇಪರ್ ತುಂಡು ಜೋಪಾನ ಇಟ್ಕೋರಿ.

ಮೂಡುಬಿದಿರೆ ಟು ಹ್ಯೂಸ್ಟನ್:

ನಾನು ವಲಸೆ ವಕೀಲರ ಕಚೇರಿಯಲ್ಲಿ ಕಡತ ನೋಡುವ ಕೆಲಸದಲ್ಲಿದ್ದೇನೆ, ವಕೀಲೆಯಲ್ಲ. ಪತ್ರಿಕೆಗಿಂತ ಮೊದಲು ಪೌರತ್ವದ ಲೆಕ್ಕ ನೋಡಿ. 2002ರ ಜುಲೈನಲ್ಲಿ ಅಧ್ಯಕ್ಷ ಬುಷ್ ಹೊರಡಿಸಿದ ಆದೇಶದಿಂದ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸೇವೆಯಲ್ಲಿರುವ ವಲಸಿಗ ಸೈನಿಕರು ವರ್ಷಗಟ್ಟಲೆ ಕಾಯದೆ ಅರ್ಜಿ ಹಾಕಬಹುದು. ಸೇವೆ ಗೌರವದಿಂದ ಕೂಡಿರಬೇಕು, ಅದೇ ಷರತ್ತು. ಪೌರತ್ವ ಸಿಕ್ಕ ಮೇಲೂ ಗೌರವದ ಸೇವೆ ಐದು ವರ್ಷ ತುಂಬುವ ಮೊದಲೇ ಕೆಟ್ಟ ಷರಾ ಜೊತೆ ಹೊರಬಿದ್ದರೆ ಅದನ್ನು ಹಿಂದಕ್ಕೆ ಪಡೆಯಬಹುದು. ಅಂದರೆ ಈ ಹುಡುಗನಿಗೆ ಜೈಲಿಗಿಂತ ಆ ಷರಾ ದೊಡ್ಡದು. 'ಒಪ್ಪಿಕೊಂಡುಬಿಡು, ಸಣ್ಣ ಶಿಕ್ಷೆ ಕೊಡಿಸುತ್ತೇವೆ' ಅಂತ ಯಾರಾದರೂ ಅಂದರೆ ವಲಸೆ ಕಾನೂನು ಬಲ್ಲವರನ್ನು ಕೇಳದೆ ಸಹಿ ಹಾಕಬಾರದು.

ಇದಕ್ಕೂ ಒಬ್ಬ ಸೈನಿಕನ ಕಥೆಯೇ ಇದೆ. ಹೊಂಡುರಾಸಿನಲ್ಲಿ ಹುಟ್ಟಿದ ಹೋಸೆ ಪಡಿಲ್ಲಾ ವಿಯೆಟ್ನಾಂ ಯುದ್ಧಕ್ಕೆ ಹೋದವನು, ನಲವತ್ತು ವರ್ಷ ಗ್ರೀನ್ ಕಾರ್ಡಿನಲ್ಲಿ ಇದ್ದವನು, ಲಾರಿ ಚಾಲಕ. ಗಾಂಜಾ ಸಾಗಣೆ ಕೇಸಿನಲ್ಲಿ ಅವನ ವಕೀಲ, ಇಷ್ಟು ವರ್ಷ ಇದ್ದೀಯಾ, ಗಡಿಪಾರಿನ ಚಿಂತೆ ಬೇಡ ಅಂದುಬಿಟ್ಟ. ಅದನ್ನು ನಂಬಿ ತಪ್ಪೊಪ್ಪಿಕೊಂಡ, ಗಡಿಪಾರು ಖಚಿತವಾಯಿತು. 2010ರಲ್ಲಿ ಸುಪ್ರೀಂ ಕೋರ್ಟ್, ಗಡಿಪಾರಿನ ಅಪಾಯ ತಿಳಿಸುವುದು ವಕೀಲನ ಹೊಣೆ ಎಂದು ಏಳಕ್ಕೆ ಎರಡು ಮತದಿಂದ ಹೇಳಿತು.

ಇನ್ನೊಂದು ದಾರಿ ನಿಮ್ಮ ಕ್ಷೇತ್ರದ ಸಂಸತ್ ಸದಸ್ಯರ ಕಚೇರಿ. ಸೈನಿಕ ಸಂಸದರಿಗೆ ಪತ್ರ ಬರೆದರೆ ಅದಕ್ಕಾಗಿ ಅವನನ್ನು ಪೀಡಿಸಬಾರದು ಅಂತ ಕಾನೂನೇ ಇದೆ.

ಎಚ್-ಒನ್‌ಬಿ ಹನ್ನೆರಡು ವರ್ಷ:

ನಾನು ಖಂಡಿತ ಬೇಡ ಅನ್ನುತ್ತೇನೆ. ಈಗಿನ ಕಾಲ ಹೇಗಿದೆ ನೋಡುತ್ತಿದ್ದೀರಲ್ಲ. ಒಮ್ಮೆ ಅಂತರ್ಜಾಲದಲ್ಲಿ ಹೆಸರು ಬಂದರೆ ಯಾವ ಅಧಿಕಾರಿ ಯಾವಾಗ ಹುಡುಕಿ ತೆಗೆಯುತ್ತಾನೋ ಗೊತ್ತಿಲ್ಲ. ನಾಳೆ ಕೇಸು ಬಿದ್ದುಹೋದರೂ ಹುಡುಗನಿಗೆ ಕೆಲಸ ಕೊಡುವವನು ಮೊದಲು ನೋಡುವುದು ಆ ಸುದ್ದಿಯನ್ನೇ. ಇದರಿಂದ ವಕೀಲರಿಗೆ ಹೆಸರು ಬರುತ್ತದೆ, ಹುಡುಗನಿಗೆ ಏನು?

ಸುದ್ದಿಮನೆ ಹಳಬ:

ಈ ಭಯ ಸುಳ್ಳಲ್ಲ. ಹೆಸರು ಬೇಕಾಗಿಯೇ ಬರುವ ವಕೀಲರೂ ಇದ್ದಾರೆ, ನಾನು ಕಂಡಿದ್ದೇನೆ. ಒಂದು ಗುರುತು ಹೇಳುತ್ತೇನೆ: ಒಳ್ಳೆಯ ವಕೀಲ ಮೊದಲು ಕಾಗದ ಕೊಡುತ್ತಾನೆ, ಆಮೇಲೆ ಮಾತಾಡುತ್ತಾನೆ. ಫೋಟೋ ಮೊದಲು ಕೇಳುವವನ ಹತ್ತಿರ ಸ್ವಲ್ಪ ನಿಂತು ಯೋಚಿಸಿ.

ಸುದ್ದಿಯಿಂದ ಉಪಯೋಗವಾದದ್ದೂ ಇದೆ. ವಿಶೇಷ ಭಾಷೆ ಬಲ್ಲವರು, ವೈದ್ಯರು ಬೇಕು ಅಂತ ವೀಸಾದಲ್ಲಿರುವವರನ್ನೂ ಸೇರಿಸಿಕೊಳ್ಳುವ ಮಾವ್ನಿ ಅನ್ನುವ ಯೋಜನೆ ಅಮೆರಿಕದ ಸೇನೆಯಲ್ಲಿತ್ತು. 2009ರಲ್ಲಿ ಭರ್ತಿ ಶುರುವಾಗಿ 2016ರಲ್ಲಿ ನಿಂತಿತು. ಹತ್ತು ಸಾವಿರಕ್ಕೂ ಹೆಚ್ಚು ಜನ ಬಂದರು, ನಮ್ಮ ದೇಶದವರೂ ಇದ್ದರು. ಅದನ್ನು ರೂಪಿಸಿದವರಲ್ಲಿ ಒಬ್ಬರು ಮಾರ್ಗರೆಟ್ ಸ್ಟಾಕ್, ಸೇನೆಯ ಮೀಸಲು ಪಡೆಯಿಂದ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದ ವಕೀಲೆ. ಆಮೇಲೆ ಅದೇ ಸೈನಿಕರನ್ನು ಕಾರಣವನ್ನೂ ಸರಿಯಾಗಿ ಹೇಳದೆ ಸೇನೆಯಿಂದ ಹೊರಗೆ ಕಳಿಸತೊಡಗಿದರು. ಸ್ಟಾಕ್ ಥರದ ವಕೀಲರು ಕರೆದ ವರದಿಗಾರರಿಗೆಲ್ಲ ಅದನ್ನು ಬಿಡಿಸಿ ಹೇಳಿದರು. 2018ರ ಜೂನ್ ಕೊನೆಗೆ ಬ್ರೆಜಿಲ್ ಮೂಲದ ಲೂಕಸ್ ಕಲಿಶ್ಟೊ ಅನ್ನುವ ಸೈನಿಕ ಕೋರ್ಟಿಗೆ ಹೋದ. ಜುಲೈ ಮೊದಲ ವಾರ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ದೊಡ್ಡ ವರದಿ ಮಾಡಿತು. ಅದೇ ತಿಂಗಳು ಸೇನೆ ಅವನನ್ನು ವಾಪಸ್ ಕರೆದುಕೊಂಡಿತು, ಹಾಗೆ ಕಳಿಸುವುದನ್ನೂ ನಿಲ್ಲಿಸಿತು. ಕೋರ್ಟಿನಿಂದ ಎಷ್ಟು, ಪತ್ರಿಕೆಯಿಂದ ಎಷ್ಟು ಅಂತ ತೂಗಲಿಕ್ಕೆ ನನ್ನಿಂದಾಗದು. ಎರಡೂ ಒಟ್ಟಿಗೆ ನಡೆದವು.

ಕೆಲಸ ಮಾಡದ ಉದಾಹರಣೆಯನ್ನೂ ಹೇಳಿಬಿಡುತ್ತೇನೆ. ನಿಕರಾಗುವಾ ಮೂಲದ ಸಾರ್ಜೆಂಟ್ ಕಮೀಲೊ ಮೆಹಿಯಾ ಇರಾಕಿಗೆ ವಾಪಸ್ ಹೋಗುವುದಿಲ್ಲ ಅಂತ 2004ರ ಮಾರ್ಚಿನಲ್ಲಿ ಪತ್ರಿಕಾಗೋಷ್ಠಿ ಮಾಡಿಯೇ ಶರಣಾದ. ಅಮೆರಿಕ ಸರ್ಕಾರದ ಮಾಜಿ ಅಟಾರ್ನಿ ಜನರಲ್ ರ್‍ಯಾಮ್ಸಿ ಕ್ಲಾರ್ಕ್ ಕೂಡ ಅವನ ಪರ ನಿಂತರು. ಪ್ರಪಂಚವೆಲ್ಲ ಸುದ್ದಿಯಾಯಿತು. ಮೇ ತಿಂಗಳಲ್ಲಿ ಕೋರ್ಟ್ ಮಾರ್ಷಲ್ ಒಂದು ವರ್ಷ ಜೈಲು ಕೊಟ್ಟಿತು. ಅವನಿಗೆ ತನ್ನ ಮಾತು ಹೊರಗೆ ಬರುವುದೇ ಮುಖ್ಯವಾಗಿತ್ತು. ನಿಮ್ಮ ಹುಡುಗನಿಗೆ ಮುಖ್ಯ ಏನು? ಅದನ್ನು ಅವನನ್ನೇ ಯಾರಾದರೂ ಕೇಳಿದ್ದೀರಾ?

ಎಡಿಸನ್ ಚಿಕ್ಕಮ್ಮ:

ಕೇಳಿಲ್ಲ. ನಾವು ದೊಡ್ಡವರೇ ಮಾತಾಡಿಕೊಳ್ಳುತ್ತಿದ್ದೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ನಾಳೆ ಕೇಳುತ್ತೇನೆ.

ಸ್ಯಾಕ್ರಮೆಂಟೊ ಕನ್ನಡತಿಯವರೇ, ನೀವು ಅನುವಾದದ ವಿಷಯ ಬರೆದದ್ದನ್ನು ಓದಿ ಎದೆ ಝಲ್ಲೆಂದಿತು. ಆ ಸಹಕಾರ ಸಂಘದ ಪಾಸ್‌ಬುಕ್ಕು ಪೂರ್ತಿ ಕನ್ನಡದಲ್ಲಿದೆ. ಅದನ್ನು ಇವರಿಗೆ ಇಂಗ್ಲಿಷ್ ಮಾಡಿಕೊಟ್ಟವರು ಯಾರು ಅಂತ ನಾವು ಯಾರೂ ನೋಡಿಲ್ಲ.

ಧಾರವಾಡದ ವಕೀಲ:

ಇವತ್ತೇ ನೋಡ್ರಿ ಅಕ್ಕಾರ. ಉಳಿದದ್ದೆಲ್ಲಾ ಆಮ್ಯಾಲೆ.

ಎಡಿಸನ್ ಚಿಕ್ಕಮ್ಮ (ಒಂಬತ್ತು ದಿನದ ನಂತರ):

ತಡವಾಯಿತು, ಕ್ಷಮಿಸಿ. ಬಹಳ ಆಗಿದೆ.

ವಕೀಲರಿಂದ ಆ ಅನುವಾದ ತರಿಸಿದೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಅಪ್ಪನ ಹೆಸರಿನ ಮುಂದೆ 'ಅಪ್ರಾಪ್ತ ವಯಸ್ಸಿನ ಮೊಮ್ಮಗನ ಪರವಾಗಿ ಪೋಷಕರು' ಅಂತ ಇದೆ. ಇಂಗ್ಲಿಷಿನಲ್ಲಿ 'ಮೊಮ್ಮಗನ ಜೊತೆ ಜಂಟಿ ಖಾತೆ' ಅಂತ ಮಾಡಿದ್ದಾರೆ! ಜಂಟಿ ಅಂದರೆ ಇವನೂ ನಡೆಸುತ್ತಿದ್ದ, ಇವನಿಗೆ ಗೊತ್ತಿತ್ತು ಅಂತ ಅರ್ಥವಾಗುತ್ತದೆ. ಆರೋಪಪಟ್ಟಿ ನಿಂತಿರುವುದೇ ಆ ಪದದ ಮೇಲೆ. ಕೈ ನಡುಗಿತು. ಭಾವನಿಗೆ ಫೋನ್ ಮಾಡಿ ಹೇಳಿದೆ. ಪೇಪರ್ ಬೇಡ ಅಂತ ಕೂಗಾಡಿದ್ದ ಮನುಷ್ಯ ಮರುದಿನ ಬೆಳಿಗ್ಗೆ ಏಳಕ್ಕೇ ಸಂಘದ ಬಾಗಿಲಲ್ಲಿ ಕೂತಿದ್ದರಂತೆ. ಕಾರ್ಯದರ್ಶಿಗಳು ಹಳೇ ಲೆಡ್ಜರ್ ಹುಡುಕಿಸಿ, ಮೊಹರು ಹಾಕಿ ಪ್ರತಿ ಕೊಟ್ಟರು. ಪ್ರತಿ ನವೀಕರಣಕ್ಕೂ ಅಪ್ಪನ ಸಹಿ ಒಂದೇ ಇದೆ.

ಹುಡುಗನ ಹತ್ತಿರವೂ ಮಾತಾಡಿದೆ. 'ಚಿಕ್ಕಮ್ಮ, ನಾನು ಯಾರಿಗೂ ಏನೂ ಹೇಳಲ್ಲ, ಫೋಟೋನೂ ಬೇಡ. ಲಾಯರ್ ಹೇಳಲಿ. ಆದರೆ ನನ್ನ ಯೂನಿಟ್ಟಿನವರನ್ನು ಬೈಯಬಾರದು, ಅವರು ನನ್ನ ಜೊತೆ ಚೆನ್ನಾಗೇ ಇದ್ದಾರೆ' ಅಂದ. ಸುಬೇದಾರ್ ಸರ್, ಈ ಮಾತನ್ನು ನಿಮಗೋಸ್ಕರ ಬರೆಯುತ್ತಿದ್ದೇನೆ.

ವಕೀಲರಿಗೆ ಅಷ್ಟನ್ನೇ ಹೇಳಿದೆ. ಅವರು ಫೋಟೋ ವಿಷಯ ಬಿಟ್ಟರು. ಪ್ರಾಥಮಿಕ ವಿಚಾರಣೆಗೆ ಸಾರ್ವಜನಿಕರು ಬರಬಹುದಿತ್ತು. ಅನುವಾದದ ತಪ್ಪನ್ನು ಮೊದಲು ಅಲ್ಲಿ ದಾಖಲೆ ಮಾಡಿದರು, ಆಮೇಲೆ ಹೊರಗೆ ಬಂದು ಅದೇ ಪತ್ರಿಕೆಯ ವರದಿಗಾರ್ತಿಗೆ ಲೆಡ್ಜರಿನ ಪ್ರತಿ ಕೊಟ್ಟರು. ಆಕೆ ಕನ್ನಡ ಓದುವವರನ್ನು ತಾನೇ ಹುಡುಕಿ, ಆ ಸಾಲಿನ ಅರ್ಥ ಕೇಳಿ ಬರೆದಿದ್ದಾಳೆ. ಈ ಸಲ ಅರ್ಧ ಪುಟ.

ಮಾಜಿ ಸುಬೇದಾರ್, ಸೋಮವಾರಪೇಟೆ:

ಯೂನಿಟ್ಟಿನವರನ್ನು ಬೈಯಬೇಡಿ ಅಂದನಲ್ಲ, ಅವನು ಒಳ್ಳೆಯ ಸಿಪಾಯಿ ತಂಗಿ. ವಕೀಲರು ಮಾತಾಡಿದ್ದು ಸರಿಯಾಯಿತು. ನಾನು ಬೇರೆ ಥರ ಅಂದುಕೊಂಡಿದ್ದೆ.

ಮೂಡುಬಿದಿರೆ ಟು ಹ್ಯೂಸ್ಟನ್:

ಪೂರ್ತಿ ವಿಚಾರಣೆಗೆ ಹೊಸ ಅನುವಾದ ಬೇಕಾಗುತ್ತದೆ. ಅನುವಾದ ಸರಿಯಾಗಿದೆ, ತನಗೆ ಎರಡೂ ಭಾಷೆ ಗೊತ್ತು ಅಂತ ಸಹಿ ಹಾಕಿ, ಕೇಳಿದರೆ ಸಾಕ್ಷಿ ಹೇಳಲಿಕ್ಕೂ ತಯಾರಿರುವವರು ಬೇಕು. ಮನೆಯವರು ಮಾಡಿದರೆ ನಡೆಯದು.

ಎಡಿಸನ್ ಚಿಕ್ಕಮ್ಮ:

ಅದನ್ನೇ ಕೇಳಬೇಕು ಅಂತಿದ್ದೆ. ಸಹಕಾರ ಸಂಘದ ಲೆಕ್ಕದ ಭಾಷೆ ಗೊತ್ತಿರುವ, ಕನ್ನಡದಿಂದ ಇಂಗ್ಲಿಷಿಗೆ ಪ್ರಮಾಣಪತ್ರ ಕೊಟ್ಟು ಅನುವಾದಿಸುವವರು ಯಾರಾದರೂ ಗೊತ್ತಿದ್ದರೆ ಇಲ್ಲೇ ತಿಳಿಸಿ. ಎಂಟು ಪುಟ ಇದೆ. ಮುಂದಿನ ತಿಂಗಳ ಮೊದಲ ವಾರದೊಳಗೆ ಬೇಕು.

ನಿನ್ನೆ ಆ ವರದಿಯನ್ನು ಅಕ್ಕನಿಗೆ ಫೋನಿನಲ್ಲಿ ಕನ್ನಡ ಮಾಡಿ ಓದಿದೆ. ಇಷ್ಟು ದಿನ ಒಂದು ಮಾತೂ ಆಡದವಳು, ಕೊನೆಗೆ ಒಂದೇ ಕೇಳಿದಳು: 'ಅಪ್ಪನ ಸಹಿ ಪೇಪರಲ್ಲಿ ಕಾಣುತ್ತಾ?' ಕಾಣುತ್ತೆ ಅಂದೆ.

ಸ್ಯಾಕ್ರಮೆಂಟೊ ಕನ್ನಡತಿ:

ನಮ್ಮ ಮಾವನವರು ಅರಸೀಕೆರೆ ಕಡೆ ಸಹಕಾರ ಸಂಘದಲ್ಲಿ ಲೆಕ್ಕಿಗರಾಗಿದ್ದವರು, ಈಗ ನಮ್ಮ ಜೊತೆ ಇಲ್ಲೇ ಇದ್ದಾರೆ. ಅನುವಾದ ಅವರು ಮಾಡಲಾರರು, ಆದರೆ ಲೆಡ್ಜರಿನ ಒಂದೊಂದು ಕಾಲಂನ ಅರ್ಥವನ್ನೂ ಹೇಳಬಲ್ಲರು. ಪ್ರತಿ ಕಳಿಸಿ, ಇವತ್ತು ಸಂಜೆಯೇ ಅವರನ್ನು ಕೂರಿಸಿಕೊಳ್ಳುತ್ತೇನೆ.